ಕೂಗುವ ಪೆಟ್ಟಿಗೆ

ನಾವು ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಡಿ.ಎಡ್. ಪ್ರಮಾಣಪತ್ರವೊಂದೇ ನಮ್ಮ ಬಂಡವಾಳ. ವಿದ್ಯುತ್ತಿನ ವಿಷಯದಲ್ಲಿ ನಮ್ಮ ಜ್ಞಾನವು ಮಕ್ಕಳ ಪಾಠಪುಸ್ತಕವನ್ನು ದಾಟಿ ಬಹುದೂರ ಹೋದುದಲ್ಲ. ಹೀಗಿದ್ದೂ ಕಳೆದ ವರ್ಷ ಗಿಟಾರ್ ವಾದ್ಯಕ್ಕೆಂದು ವಾಲ್ವುಗಳ ಆಂಪ್ಲಿಫೈಯರೊಂದನ್ನು ಕಟ್ಟಲು ಹೊರಟೆವು. ನಮ್ಮ ಹಳೆಯ ಶಿಷ್ಯನೊಬ್ಬನು ನವೆಂಬರ್ 1ರಂದು ನಾರಾಯಣಪೇಟೆಯಲ್ಲಿ ಗಿಟಾರ್ ನುಡಿಸುವವನಿದ್ದನು. ಪೆಟ್ಟಿಗೆಯನ್ನು ನಾವೇ ಮಾಡಿಕೊಡುವೆವೆಂದು ಎಲ್ಲರೆದುರು ನುಡಿದುಬಿಟ್ಟೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಟ್ರಾನ್ಸಿಸ್ಟರಿನ ಕಾಲದಲ್ಲಿ ವಾಲ್ವೇಕೆ ಎಂದು ಕೇಳುವವರುಂಟು. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ನಾದದ ಅಲೆಯ ತುದಿ ಥಟ್ಟನೆ ಕತ್ತರಿಸಿಹೋಗದೆ ಮೆಲ್ಲಗೆ ದುಂಡಾಗುತ್ತದೆ. ಗಿಟಾರ್ ನುಡಿಸುವವರು ಆಸೆಪಡುವುದು ಆ ದುಂಡುತನಕ್ಕೆ.

ಸಾಮಗ್ರಿ ದೊರೆತದ್ದು ಗದ್ವಾಲಿನಲ್ಲಿ. 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಆ ಊರಿನಲ್ಲಿ ಕನ್ನಡವಾಡುವ ವೃದ್ಧ ರೇಡಿಯೋ ದುರಸ್ತಿಗಾರರೊಬ್ಬರಿದ್ದಾರೆ. ಇಸಿಸಿ 83 ಒಂದು, ಇಎಲ್ 84 ಒಂದು, ಎರಡನ್ನೂ ತಗಡಿನ ಡಬ್ಬಿಯಿಂದ ಹುಡುಕಿ ಕೊಟ್ಟರು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಗಾಜಿನ ಮೇಲೆ ಅದರ ಮುದ್ರೆ ಇನ್ನೂ ಅಳಿಸಿರಲಿಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಹಿರಿಯರು ತಮ್ಮ ಕೈಯಿಂದಲೇ ಸುತ್ತಿದರು: ಕೂದಲೆಳೆಯಂಥ ತಾಮ್ರದ ತಂತಿ, ಮೂರು ಸಾವಿರ ಸುತ್ತು.

ಮಕ್ತಲದ ನಮ್ಮ ಮನೆಯಲ್ಲಿ ಬೆಸುಗೆ ಮುಗಿದ ದಿನ, ಅವರು ಹೇಳಿದಂತೆ 60 ವ್ಯಾಟಿನ ಹಳೆಯ ಬಲ್ಬನ್ನು ಸೀರೀಸಿನಲ್ಲಿ ಸೇರಿಸಿ ವಿದ್ಯುತ್ತು ಕೊಟ್ಟೆವು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ; ಪ್ರಖರವಾಗಿಯೇ ಉಳಿದರೆ ಒಳಗೆಲ್ಲೋ ಶಾರ್ಟ್ ಆಗಿದೆಯೆಂದು ಅರ್ಥ. ನಮ್ಮದು ಮಂಕಾಯಿತು. ಹಿಗ್ಗಿ ಬಲ್ಬನ್ನು ತೆಗೆದು ನೇರವಾಗಿ ಹಚ್ಚಿದೆವು. ವಾಲ್ವುಗಳು ಕೆಂಪಗೆ ಕಾದವು. ಕಾದೊಡನೆ ಪೆಟ್ಟಿಗೆಯು ಕಿರುಚಲಾರಂಭಿಸಿತು. ಗಿಟಾರನ್ನು ಇನ್ನೂ ಜೋಡಿಸಿರಲೇ ಇಲ್ಲ! ನೆರೆಮನೆಯವರು ಕದ ತೆರೆದು ನೋಡಿದರು.

ಇಸಿಸಿ 83ನ್ನು ಕಿತ್ತರೆ ಸದ್ದು ನಿಲ್ಲುತ್ತಿತ್ತು. ಆಗ ಮೀಟರು ಹಿಡಿದು ಅಳೆದೆವು. ಇಎಲ್ 84ರ ಆನೋಡಿನಲ್ಲಿ 250 ವೋಲ್ಟು, ಕ್ಯಾಥೋಡಿನಲ್ಲಿ ಏಳಕ್ಕಿಂತ ತುಸು ಹೆಚ್ಚು; ಎಲ್ಲವೂ ನಕ್ಷೆಯಲ್ಲಿದ್ದಂತೆಯೇ. ಬೆಸುಗೆಗಳನ್ನು ಎರಡು ಸಲ ನೋಡಿಯಾಗಿತ್ತು. ನಮ್ಮ ಕೈಯ ಕೆಲಸವಲ್ಲದ್ದು ಟ್ರಾನ್ಸ್‌ಫಾರ್ಮರೊಂದೇ. ಆದುದರಿಂದ ದೋಷವೂ ಅದರದೇ. ಈ ತರ್ಕವು ಅಂದು ನಮಗೆ ಅತ್ಯಂತ ಶಾಸ್ತ್ರೀಯವಾಗಿ ತೋರಿತು.

ಮರುದಿನವೇ ಬಸ್ಸು ಹತ್ತಿ, ಜೂರಾಲ ಅಣೆಕಟ್ಟನ್ನು ದಾಟಿ ಗದ್ವಾಲಿಗೆ ಹೋದೆವು. ಅಂಗಡಿಯಲ್ಲಿ ಗಿರಾಕಿಗಳಿಬ್ಬರು ಕುಳಿತಿದ್ದರು. ಅವರೆದುರಿಗೇ, "ನೀವು ಸುತ್ತಿದ್ದು ತಪ್ಪಾಗಿದೆ" ಎಂದೆವು.

ಹಿರಿಯರು ಟ್ರಾನ್ಸ್‌ಫಾರ್ಮರನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇರಬಹುದ್ರಿ ಮಾಸ್ತರ. ಕಣ್ಣು ಮೊದಲಿನಂಗ ಇಲ್ಲ. ಮತ್ತೊಂದು ಸುತ್ತಿ ಕಳಸ್ತೀನಿ" ಎಂದರು. ನಾಲ್ಕು ದಿನಕ್ಕೆ ಹೊಸದು ಬಂದಿತು. ತಂತಿಯ ಹಣವನ್ನೂ ಕೇಳಲಿಲ್ಲ.

ಅದನ್ನು ಹಚ್ಚಿದೆವು. ಅದೇ ಕಿರುಚಾಟ!

ಆ ಸಂಜೆ ನಮ್ಮ ಐದನೆಯ ತರಗತಿಯ ಮಕ್ಕಳು ನಾಲ್ವರು ತಮಾಷೆ ನೋಡಲು ಬಂದಿದ್ದರು. ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಕೂಗು ನಿಲ್ಲದುದನ್ನು ಕಂಡು ಹುಡುಗಿಯೊಬ್ಬಳು, "ಸರ್, ನಳ ಬಂದ್ ಮಾಡಿದ್ರೂ ನೀರು ಬರ್ತಾವಂದ್ರ, ನಳದ ಮುಂದ ಎಲ್ಲೋ ಬ್ಯಾರೆ ಕಡೆಯಿಂದ ಬರ್ತಿರಬೇಕಲ್ರಿ?" ಎಂದಳು.

ನಾವು ನಕ್ಷೆಯನ್ನು ಬಿಡಿಸಿ ನೋಡಿದೆವು. ವಾಲ್ಯೂಮಿನ ಮುಂದೆ, ಇಸಿಸಿ 83ರ ಎರಡನೆಯ ಭಾಗಕ್ಕೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಿಂದ ಫೀಡ್‌ಬ್ಯಾಕಿನ ತಂತಿಯೊಂದು ಮರಳಿ ಬರುತ್ತಿತ್ತು. ಹೊರಟ ನಾದದ ಒಂದಂಶವು ಹಿಂದಕ್ಕೆ ಬಂದು ಒಳಬರುವ ನಾದವನ್ನು ತುಸು ತಗ್ಗಿಸಿ ಹದದಲ್ಲಿಡಬೇಕು. ಅದಕ್ಕಾಗಿಯೇ ಆ ತಂತಿ. ಅದೇ ಅಂಶವು ತಿರುವುಮುರುವಾಗಿ ಬಂದರೆ, ತಗ್ಗಿಸುವ ಬದಲು ಕೂಡಿಕೊಳ್ಳುತ್ತದೆ. ಪೆಟ್ಟಿಗೆ ತನ್ನ ದನಿಗೆ ತಾನೇ ದನಿಗೂಡಿಸಿ ಕೂಗುತ್ತದೆ. ಸ್ಪೀಕರಿಗೆ ಹೋಗುವ ಎರಡು ತಂತಿಗಳಲ್ಲಿ ಯಾವುದನ್ನು ನೆಲಕ್ಕೆ ಸೇರಿಸಬೇಕು, ಯಾವುದರಿಂದ ಫೀಡ್‌ಬ್ಯಾಕ್ ತೆಗೆಯಬೇಕು ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ನಾವು ಊಹೆಯಿಂದ ಬೆಸೆದಿದ್ದೆವು, ಎರಡು ಸಲವೂ ಒಂದೇ ರೀತಿ.

ವಿದ್ಯುತ್ತು ತೆಗೆದು, ಮಕ್ಕಳನ್ನು ದೂರ ನಿಲ್ಲಿಸಿ, ಕಂಡೆನ್ಸರನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿದೆವು. (ಸ್ವಿಚ್ಚು ಆರಿಸಿದ ಮೇಲೂ ಅದರಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರಬಹುದು, ಎಳೆಯರು ಇದನ್ನು ಮರೆಯಬಾರದು.) ಆ ಎರಡು ತಂತಿಗಳನ್ನು ಅದಲುಬದಲಾಗಿ ಬೆಸೆದು ಮತ್ತೆ ಹಚ್ಚಿದೆವು. ಸಣ್ಣ ಗುಂಯ್‌ಗುಡುವಿಕೆಯ ಹೊರತು ನಿಶ್ಶಬ್ದ. ಶಿಷ್ಯನು ನವೆಂಬರ್ 1ರಂದು ಚೆನ್ನಾಗಿಯೇ ನುಡಿಸಿದನು.

ಮುಂದಿನ ಭಾನುವಾರ ಗದ್ವಾಲಿಗೆ ಹೋದೆವು. ತಪ್ಪು ನಮ್ಮದೆಂದು ಹೇಳಿ, ಎರಡನೆಯದರ ಹಣವನ್ನು ಮುಂದಿಟ್ಟು, ಮೊದಲಿನ ಟ್ರಾನ್ಸ್‌ಫಾರ್ಮರನ್ನೂ ಕೊಂಡೊಯ್ಯುವೆವೆಂದೆವು. ಹಿರಿಯರು ಮೇಜಿನ ಕೆಳಗಿನಿಂದ ತಟ್ಟೆಯೊಂದನ್ನು ಎಳೆದರು. ಅದರಲ್ಲಿ ಬಿಚ್ಚಿದ ತಾಮ್ರದ ತಂತಿಯ ಗುಡ್ಡೆ. ಪಕ್ಕದಲ್ಲಿ ಲೆಕ್ಕದ ವಹಿ, ಪುಟದ ತುಂಬ ಐದೈದರ ಗೀಟುಗಳು.

"ಎಲ್ಲಿ ತಪ್ಪೀನಿ ನೋಡೂಣು ಅಂತ ಬಿಚ್ಚಿ ಎಣಿಸಿದೆ" ಎಂದರು. "ಮೂರು ಸಾವಿರಕ್ಕ ಒಂದೂ ಕಮ್ಮಿ ಇರಲಿಲ್ರಿ ಮಾಸ್ತರ."