ಮಾವನ ಕೋವಿಗೊಂದು ದುರ್ಬೀನು

ಕಳೆದ ವರ್ಷ ಏಣೆಲು ಬೆಳೆ ತೆನೆ ಕಟ್ಟುವ ಹೊತ್ತಿಗೆ ಕುಕ್ಕುಂದೂರಿನ ನಮ್ಮ ಮಾವ ಫೋನ್ ಮಾಡಿದರು. ಮಾವನ ಫೋನ್ ಬಂತೆಂದರೆ ಕರೆಂಟ್ ಹೋಗಿರುತ್ತದೆ, ಇಲ್ಲವೇ ರಸ್ತೆಯ ಹೊಂಡದ ಬಗ್ಗೆ ಪೇಪರಿನಲ್ಲಿ ಹಾಕಬೇಕಿರುತ್ತದೆ. ಈ ಸಲ ವಿಷಯ ಬೇರೆ.

"ಬೆಡಿಗೆ ಸಿಕ್ಕಿಸುವ ದುರ್ಬೀನು ಉಂಟಲ್ಲ ಮಾರಾಯ, ಸ್ಕೋಪ್ ಅಂತ. ಯಾವುದು ಒಳ್ಳೆಯದು ಅಂತ ಸ್ವಲ್ಪ ನೋಡಿ ಹೇಳು. ಬೆಂಗಳೂರಿನಿಂದ ಮಗ ದುಡ್ಡು ಕೊಡ್ತಾನಂತೆ."

ಜರ್ನಲಿಸಂ ಡಿಪ್ಲೊಮಾ ಮಾಡಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮ ಬಂಧುಗಳ ನಂಬಿಕೆ. ನಮಗೆ ಕೋವಿಯ ಬಗ್ಗೆ ಗೊತ್ತಿದ್ದದ್ದು ಒಂದೇ. ಚುನಾವಣೆ ಬಂದಾಗ ರೈತರು ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕು, ಆಗ ನಾವು ಒಂದು ಸುದ್ದಿ ಕಳಿಸಬೇಕು. 2024ರ ಲೋಕಸಭೆ ಚುನಾವಣೆಗೂ ಕಳಿಸಿದ್ದೆವು. ಆದರೂ ಮಾವನಿಗೆ ಇಲ್ಲ ಎನ್ನಲಾಗಲಿಲ್ಲ. ಎರಡು ರಾತ್ರಿ ಕುಳಿತು ಓದಿದೆವು.

ಸ್ಕೋಪ್ ಮೇಲೆ 3-9x40 ಎಂದು ಬರೆದಿದ್ದರೆ, ವಸ್ತು 3ರಿಂದ 9 ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜಿನ ಅಗಲ 40 ಮಿ.ಮೀ. ಎಂದರ್ಥ. ಪಟ್ಟು ಹೆಚ್ಚಿದಷ್ಟೂ ಒಳ್ಳೆಯದು ಎಂದು ನಾವು ಅಂದುಕೊಂಡಿದ್ದೆವು. ಅದು ತಪ್ಪು. 40ನ್ನು 9ರಿಂದ ಭಾಗಿಸಿದರೆ ಸುಮಾರು 4.4 ಮಿ.ಮೀ. ಬರುತ್ತದೆ, ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಅಷ್ಟೇ. ಪಟ್ಟು ಏರಿಸಿದಂತೆ ಅದು ಕಿರಿದಾಗುತ್ತದೆ, ಮಸುಕು ಹೊತ್ತಿನಲ್ಲಿ ಚಿತ್ರ ಕಪ್ಪಾಗುತ್ತದೆ, ನೋಟದ ಹರವೂ ಕಡಿಮೆಯಾಗುತ್ತದೆ. ಕಣ್ಣಿಗೂ ಗಾಜಿಗೂ ಮೂರು ನಾಲ್ಕು ಇಂಚು ಅಂತರ ಬೇಕು, ಇಲ್ಲದಿದ್ದರೆ ಕೋವಿ ಒದ್ದಾಗ ಹುಬ್ಬು ಒಡೆಯುತ್ತದೆ. ಸ್ಪ್ರಿಂಗಿನ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅಗ್ಗದ ಸ್ಕೋಪಿನ ಒಳಭಾಗವೇ ಸಡಿಲವಾಗುತ್ತದೆ. ತಿರುಪಿನ ಒಂದು ಕ್ಲಿಕ್ಕಿಗೆ ಗುಂಡು 100 ಮೀಟರಿನಲ್ಲಿ ಸುಮಾರು 7 ಮಿ.ಮೀ. ಸರಿದರೆ, 25 ಮೀಟರಿನಲ್ಲಿ ಎರಡು ಮಿ.ಮೀ.ಯೂ ಸರಿಯುವುದಿಲ್ಲ.

ಇಷ್ಟೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಭಾನುವಾರ ಬೈಕ್ ಹತ್ತಿದೆವು. ಜೋಡುರಸ್ತೆಯಲ್ಲಿ ಒಂದು ಚಾ ಕುಡಿದು ಮಾವನ ಮನೆಗೆ ಹೋದೆವು. ಮಾವ ಕೋವಿ ತಂದು ಚಾಪೆಯ ಮೇಲೆ ಇಟ್ಟರು. ನಮ್ಮ ಎರಡು ರಾತ್ರಿಯ ಓದು ಅಲ್ಲಿಗೆ ಮುಗಿಯಿತು.

ಅದು ಅಜ್ಜನ ಕಾಲದ ಒಂಟಿ ನಳಿಗೆಯ ಕೋವಿ. ಬಾಯಿಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯುವಂಥದ್ದು. ಬೆಳೆ ರಕ್ಷಣೆಗೆಂದು 1959ರ ಆಯುಧ ಕಾಯ್ದೆ ಹೇಳುವುದೂ ಇಂಥ ಕೋವಿಯನ್ನೇ. ರೈಫಲ್ ಎನ್ನಬೇಕಾದರೆ ನಳಿಗೆಯ ಒಳಗೆ ಸುರುಳಿಯ ಗೀರು ಇರಬೇಕು. ಆಗ ಗುಂಡು ತಿರುಗುತ್ತಾ ನೇರ ಹೋಗುತ್ತದೆ, ಸ್ಕೋಪಿಗೂ ಕೆಲಸ ಇರುತ್ತದೆ. ಮಾವನ ನಳಿಗೆ ಒಳಗೆ ನುಣುಪು. ಚರೆ ಹೋದಂತೆ ಹರಡುತ್ತದೆ. ಸ್ಕೋಪ್ ಕೂರಿಸಲು ಮೇಲೆ ಕಟ್ಟೆಯೂ ಇಲ್ಲ. ಲೈಸೆನ್ಸಿನ ಕೋವಿಗೆ ಮನೆಯಲ್ಲಿ ಡ್ರಿಲ್ ಹಿಡಿದು ತೂತು ಮಾಡುವ ಮಾತಂತೂ ಇಲ್ಲ.

"ಇದಕ್ಕೆ ಆಗುವುದಿಲ್ಲ ಮಾವ. ಅಷ್ಟಕ್ಕೂ ಈಗ ಯಾಕೆ ಬೇಕಾಯಿತು?" ಎಂದು ಕೇಳಿದೆವು.

ಮಾವ ಕೂಡಲೇ ಉತ್ತರ ಕೊಡಲಿಲ್ಲ. ಅತ್ತೆ ಚಾ ಲೋಟ ಇಟ್ಟು ಒಳಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಹೇಳಿದರು. ಹದಿನೈದು ದಿನದ ಹಿಂದೆ ರಾತ್ರಿ ಗದ್ದೆಯ ಬದಿಯಲ್ಲಿ ಏನೋ ಅಲುಗಾಡಿತು. ಹಂದಿಯೇ ಎಂದು ಮಾವ ಕೋವಿ ಎತ್ತಿದರು. ನಳಿಗೆಯ ತುದಿಯ ಮಣಿ ಎರಡೆರಡಾಗಿ ಕಂಡಿತು. ಕಣ್ಣು ಉಜ್ಜಿಕೊಳ್ಳಲು ಕೋವಿ ಇಳಿಸಿದರು. ಅಷ್ಟರಲ್ಲಿ ಆ ಕಡೆಯಿಂದ ಕೆಮ್ಮು ಕೇಳಿತು. ಕಟ್ಟಿನಿಂದ ತಪ್ಪಿಸಿಕೊಂಡ ಕರುವನ್ನು ಹುಡುಕುತ್ತಾ ನೆರೆಮನೆಯವರು ಬಗ್ಗಿಕೊಂಡು ಬರುತ್ತಿದ್ದರು.

"ಅವನಿಗೆ ಇನ್ನೂ ಗೊತ್ತಿಲ್ಲ ಮಾರಾಯ. ಅತ್ತೆಗೂ ಹೇಳಬೇಡ. ದುರ್ಬೀನು ಇದ್ದಿದ್ದರೆ ಸರಿ ಕಾಣುತ್ತಿತ್ತು ಅಂತ" ಎಂದರು.

ನಮಗೆ ಚಾ ಇಳಿಯಲಿಲ್ಲ. ಹಂದಿ ಎಂದು ತಿಳಿದು ಹಾರಿಸಿದ ಗುಂಡು ಮನುಷ್ಯನಿಗೆ ತಗುಲಿದ ಸುದ್ದಿಯನ್ನು ನಾವೇ ಬರೆದದ್ದುಂಟು. ಆರು ಸಾಲು, ಸಿಂಗಲ್ ಕಾಲಂ. ಹೆಸರು, ಪ್ರಾಯ, ಊರು, ಪ್ರಕರಣ ದಾಖಲಾಗಿದೆ. ಕಳಿಸಿ ಊಟಕ್ಕೆ ಕೂತಿದ್ದೆವು. ಗುಂಡು ಹೊಡೆದವನೂ ಯಾರದೋ ಮಾವ ಎಂದು ಆಗ ಹೊಳೆದಿರಲಿಲ್ಲ.

ಸ್ಕೋಪ್ ಇದ್ದಿದ್ದರೂ ಮಾವ ಮೊದಲು ಕೋವಿಯನ್ನೇ ಅತ್ತ ತಿರುಗಿಸಬೇಕಿತ್ತು. ಅಂದರೆ ಅದು ಯಾರೆಂದು ನೋಡುವ ಮೊದಲೇ ಕೋವಿಯ ಬಾಯಿ ನೆರೆಮನೆಯವರ ಎದೆಗೆ ನೆಟ್ಟಿರುತ್ತಿತ್ತು. ನೋಡುವುದಕ್ಕೆ ಬೇರೆ ಸಾಧನ ಬೇಕು, ಕೋವಿ ಎತ್ತುವುದು ಆಮೇಲೆ. ಓದಿದ್ದರಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಇದೊಂದೇ.

ಮಾವನ ಮೊಮ್ಮಗಳು ಕಾಲೇಜಿನಲ್ಲಿ ಎನ್‌ಸಿಸಿ. .22 ರೈಫಲ್ ಹಿಡಿದು 25 ಗಜದಲ್ಲಿ ಗುರಿ ಹೊಡೆದು ಬಂದವಳು. "ನಮಗೆ ಸ್ಕೋಪೇ ಇಲ್ಲ ಅಜ್ಜ" ಎಂದು ನಕ್ಕಳು. ನಿಜವೇ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲೂ ದುರ್ಬೀನಿಗೆ ಅವಕಾಶ ಇಲ್ಲ. ಕಣ್ಣಿನ ಬಳಿ ಸಣ್ಣ ತೂತಿನ ಬಿಲ್ಲೆ, ನಳಿಗೆಯ ತುದಿಯಲ್ಲೊಂದು ಉಂಗುರ. ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿ.ಮೀ. ಮಾತ್ರ.

"ಹಾಗಾದರೆ ಕಣ್ಣೇ ಸರಿ ಇರಬೇಕು" ಎಂದರು ಮಾವ. ನಾವು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದ್ದರು.

ಮರುವಾರ ಮಾವನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದರ ನಂತರ ಒಂದು ಆಪರೇಷನ್ ಆಯಿತು. ಸ್ಕೋಪಿಗೆಂದು ಮಗ ಕಳಿಸಿದ ದುಡ್ಡಿನಲ್ಲಿ 8x42ರ ಒಂದು ಬೈನಾಕ್ಯುಲರ್ ಮತ್ತು ಒಳ್ಳೆಯ ಟಾರ್ಚ್ ತರಿಸಿದೆವು. ಉಳಿದದ್ದು ಸೋಲಾರ್ ಬೇಲಿಗೆ. ಕೋವಿಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಕೊಲ್ಲುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು ಎಂಬುದನ್ನೂ ಹೇಳಿದೆವು. "ಹಂದಿಗೆ ಗದ್ದೆಗೆ ಬರಲು ಯಾರ ಅನುಮತಿ ಉಂಟು?" ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ಇಡೀ ವರ್ಷದ ಅಕ್ಕಿ ಒಂದು ರಾತ್ರಿಯಲ್ಲಿ ಮಣ್ಣುಪಾಲಾಗುವುದನ್ನು ನೋಡಿದವರ ಪ್ರಶ್ನೆ ಅದು.

ಹಂದಿ ಈಗಲೂ ಬರುತ್ತದೆ, ಬೇಲಿ ದಾಟುವುದು ಕಡಿಮೆಯಾಗಿದೆ. ಮಾವ ಸಂಜೆ ಜಗಲಿಯಲ್ಲಿ ಕೂತು ಬೈನಾಕ್ಯುಲರಿನಲ್ಲಿ ಗುಡ್ಡೆಯ ಕಡೆ ನೋಡುತ್ತಾರೆ. ಮೊನ್ನೆ ಹೋದಾಗ ಜೊತೆಯಲ್ಲಿ ಆ ನೆರೆಮನೆಯವರೂ ಕೂತಿದ್ದರು. ಇಬ್ಬರೂ ಸರದಿಯಲ್ಲಿ ನವಿಲು ಎಣಿಸುತ್ತಿದ್ದರು. ಮಾವ ನಮ್ಮ ಮುಖ ನೋಡಿದರು. ನಾವು ಸುಮ್ಮನೆ ಚಾ ಕುಡಿದೆವು.