ಅಜ್ಜಿಯ ವಯಸ್ಸು

ಗಡಿಯಾರವಿಲ್ಲದ ಮನೆಯಲ್ಲಿ ಹೊತ್ತು ತಿಳಿಯಬಹುದು. ಜಾತಕವಿಲ್ಲದ ಮನೆಯಲ್ಲಿ ವಯಸ್ಸು ತಿಳಿಯುವುದು ಕಷ್ಟ. ಜನಗಣತಿಗೆಂದು ಜಗುಲಿಯೇರಿದ ಮೇಷ್ಟರು, "ಅಜ್ಜಿ, ನಿಮಗೆಷ್ಟು ವಯಸ್ಸು?" ಎನ್ನುತ್ತಾರೆ.

"ದೊಡ್ಡ ಬರ ಬಂದಾಗ ನಾನು ತೊಟ್ಟಿಲ ಕೂಸಂತೆ. ನೀವೇ ಲೆಕ್ಕ ಹಾಕಿಕೊಳ್ಳಿ, ಮೇಷ್ಟ್ರೇ."

ಲೇಖನಿ ಕ್ಷಣಕಾಲ ತಡೆದು, ೬೦ ಎಂದು ಬರೆಯುತ್ತದೆ.

ಹೀಗೆ ಬರೆದವರು ಅವರೊಬ್ಬರೇ ಅಲ್ಲ. ಭಾರತದ ಜನಗಣತಿಯ ಪಟ್ಟಿಗಳಲ್ಲಿ ಸೊನ್ನೆ, ಐದುಗಳಿಂದ ಮುಗಿಯುವ ವಯಸ್ಸುಗಳ ಮೇಲೆ ಜನರ ರಾಶಿಯೇ ಬಿದ್ದಿರುತ್ತದೆ. ನೆರೆಯ ೫೯, ೬೧ಗಳು ಬಡವಾಗಿರುತ್ತವೆ. ವರ್ಷಕ್ಕೊಂದು ಕಂಬ ನಿಲ್ಲಿಸಿದರೆ ಚಿತ್ರವು ಹಲ್ಲುಮುರಿದ ಬಾಚಣಿಗೆಯಂತಾದೀತು. ಆದ್ದರಿಂದಲೇ ವಯಸ್ಸುಗಳನ್ನು ಐದೈದು ವರ್ಷಗಳ ವರ್ಗಗಳಾಗಿ ಕಟ್ಟುವ ಪದ್ಧತಿ.

ಕಟ್ಟುವುದರಲ್ಲಿಯೂ ಒಂದು ನಯವುಂಟು. ಕಾರ್ಲ್ ಪಿಯರ್ಸನ್ ೧೮೯೫ರ ತನ್ನ ಪ್ರಬಂಧದಲ್ಲಿ ಹಿಸ್ಟೋಗ್ರಾಂ ಎಂದು ಕರೆದ ಈ ಚಿತ್ರದಲ್ಲಿ ಅಕ್ಕಪಕ್ಕದ ವರ್ಗಗಳ ನಡುವೆ ಸಂದಿರಕೂಡದು. ೫೫–೫೯, ೬೦–೬೪ ಎಂದು ಬರೆದಾಗಲಾದರೋ ನಡುವೆ ಸಂದಿಯಿದ್ದಂತೆ ತೋರುತ್ತದೆ. ಸಮೀಪದ ಅಂಗುಲಕ್ಕೆ ಅಳೆದ ಎತ್ತರವಾಗಿದ್ದರೆ ೫೯.೫ರಲ್ಲಿ ಗೋಡೆ ಹಾಕಬೇಕು. ವಯಸ್ಸಿನ ಮಾತು ಬೇರೆ. ಅರವತ್ತು ತುಂಬುವ ಹಿಂದಿನ ದಿನದವರೆಗೂ ಮನುಷ್ಯನು ಐವತ್ತೊಂಬತ್ತರವನೇ. ಗೋಡೆಯ ಸ್ಥಾನ ೬೦.

ಇನ್ನು ವರ್ಗಗಳ ಅಗಲ. ಒಂದು ಊರಿನಲ್ಲಿ ೫೫–೫೯ರವರು ೪೦ ಮಂದಿ, ೬೦–೭೯ರವರು ೮೦ ಮಂದಿ ಎಂದಿಟ್ಟುಕೊಳ್ಳೋಣ. ಎರಡನೆಯ ಕಂಬವನ್ನು ಇಮ್ಮಡಿ ಎತ್ತರಿಸಿದರೆ ಊರೆಲ್ಲ ಮುದುಕರೇ ಎಂಬ ಭ್ರಮೆ ಹುಟ್ಟುತ್ತದೆ. ಕಣ್ಣು ಅಳೆಯುವುದು ಎತ್ತರವನ್ನಲ್ಲ, ವಿಸ್ತೀರ್ಣವನ್ನು. ಮೊದಲಿನದು ೫ ವರ್ಷಗಳ ಅಗಲ, ಎರಡನೆಯದು ೨೦. ಭಾಗಿಸಿದರೆ ವರ್ಷಕ್ಕೆ ೮ ಮಂದಿ, ೪ ಮಂದಿ. ಇಮ್ಮಡಿಯೆಂದು ತೋರಿದ ಕಂಬ ವಾಸ್ತವವಾಗಿ ಅರ್ಧದಷ್ಟೇ!

ಇಷ್ಟೆಲ್ಲ ಜಾಗರೂಕತೆಯಿಂದ ಬರೆದ ಚಿತ್ರವೂ ಜಗುಲಿಯ ಮೇಲಾದ ತಪ್ಪನ್ನು ತಿದ್ದಲಾರದು. ಅಜ್ಜಿಗೆ ೫೮ ಆಗಿದ್ದರೆ, ಲೇಖನಿಯ ಒಂದು ಗೀಟಿನಿಂದ ಆಕೆ ಗೋಡೆ ದಾಟಿ ವೃದ್ಧರ ಲೆಕ್ಕಕ್ಕೆ ಸೇರಿಹೋಗುತ್ತಾಳೆ. ಊರೂರಿನಲ್ಲಿ ಹೀಗಾದರೆ, ವೃದ್ಧರಿಗೆಂದು ಹೂಡುವ ಯೋಜನೆಗಳ ಅಡಿಪಾಯವೇ ಸಡಿಲು.

ಮೇಷ್ಟರಿಗೂ ಅದು ಹೊಳೆದಿರಬೇಕು. ಬರ ಬಂದ ವರ್ಷ ಯಾವುದೆಂದು ನೆರೆಮನೆಯ ಹಿರಿಯರನ್ನು ಕೇಳಿ, ಬೆರಳು ಮಡಿಸಿ ಎಣಿಸಿ, ೬೦ನ್ನು ಹೊಡೆದು ೫೮ ಎಂದು ತಿದ್ದುತ್ತಾರೆ.

"ನೋಡಿದೆಯೇನೆ," ಎಂದು ಅಜ್ಜಿ ಸೊಸೆಯ ಕಡೆ ತಿರುಗುತ್ತಾಳೆ, "ಮೇಷ್ಟ್ರು ನನ್ನನ್ನು ಎರಡು ವರ್ಷ ಚಿಕ್ಕವಳಾಗಿ ಮಾಡಿದರು. ಅವರಿಗೊಂದು ಲೋಟ ಮಜ್ಜಿಗೆ ತಾ."