ಅರ್ಧ ಇಂಚಿನ ವಾಷರು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಡಬ್ಬಿಯಿದೆ. ಮೊದಲು ಅದು ಬಿಸ್ಕತ್ತಿನ ಡಬ್ಬಿ, ಅಮ್ಮನ ಕಾಲದಲ್ಲಿ ಚಕ್ಕುಲಿ ಡಬ್ಬಿ, ಈಗ ನನ್ನ ಆಯುಧಶಾಲೆ. ಒಂದು ಸುತ್ತಿಗೆ, ಎರಡು ತಿರುಪುಳಿ, ಕಟಿಂಗ್ ಪ್ಲೇಯರು, ಪೈಪ್ ರೆಂಚು, ಟೆಸ್ಟರು, ಹಿಡಿ ಸಡಿಲಾದ ಕರಣೆ, ಮತ್ತೆ ಟೆಫ್ಲಾನ್ ಟೇಪಿನ ನಾಲ್ಕು ಸುರುಳಿ. ನಾಲ್ಕು ಯಾಕೆ ಅಂದರೆ, ಬೇಕಾದ ದಿನ ಅದರಲ್ಲಿ ಒಂದೂ ಕಣ್ಣಿಗೆ ಬೀಳುವುದಿಲ್ಲ. ಹೊಸದು ತಂದ ಮಾರನೆಯ ದಿನ ಹಳೆಯದು ತಾನಾಗಿ ಎದುರಿಗೆ ಬಂದು ಕೂರುತ್ತದೆ. ಆಯುಧಪೂಜೆಗೆ ಈ ಡಬ್ಬಿಗೂ ಕುಂಕುಮ, ಒಂದು ಸೇವಂತಿಗೆ ಹೂವು ಉಂಟು. ಹೂವಿಟ್ಟು ನನ್ನ ಹೆಂಡತಿ ವರ್ಷವರ್ಷವೂ ಅದೇ ಮಾತು ಹೇಳುತ್ತಾಳೆ: "ಇವತ್ತೊಂದು ದಿನ ಮುಟ್ಟಬೇಡಿ. ಆಯುಧಕ್ಕೂ ರಜ, ಮನೆಗೂ ರಜ."

ನಮ್ಮದು ಸಾಗರ. ಗಂಧದ ಮರದ ಚೂರಿನಲ್ಲಿ ಬಳ್ಳಿಗೆ ಬಳ್ಳಿ, ಎಲೆಗೆ ಎಲೆ ಕೂಡಿಸಿ ಕೆತ್ತುವ ಗುಡಿಗಾರರ ಊರು. ಇಂಥ ಊರಿನಲ್ಲಿ ಹುಟ್ಟಿದ ನಾನು ಕ್ಯಾಲೆಂಡರಿಗೊಂದು ಮೊಳೆ ಹೊಡೆದರೆ ಅದು ದೇವರ ಕಡೆಗೋ ಬಚ್ಚಲ ಕಡೆಗೋ ಬಾಗಿರುತ್ತದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ಸನ್ನೆಗೋಲಿನ ಸೂತ್ರ ಬರುತ್ತದೆ, ಸನ್ನೆಗೋಲು ಹಿಡಿಯಲು ಬರುವುದಿಲ್ಲ. ಆದರೂ ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ಏನಾದರೂ ಕೆಟ್ಟಿತು ಅಂದರೆ ಉಳಿದವರ ಮುಖ ಬಾಡುತ್ತದೆ, ನನ್ನ ಮುಖ ಅರಳುತ್ತದೆ. ಇದನ್ನು ಹೆಂಡತಿ ಗಮನಿಸಿ ಎಷ್ಟೋ ವರ್ಷವಾಯಿತು.

ನಮ್ಮಲ್ಲೊಂದು ಗಾದೆಯಿದೆಯಲ್ಲ, ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಅಂತ. ಈ ಗಾದೆ ಕಟ್ಟಿದ ಮಹಾನುಭಾವ ಹಂಚಿನ ಮಾಡು ಹತ್ತಿದವನಲ್ಲ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ. ಹತ್ತಿದ್ದರೆ ಗಾದೆಯನ್ನು ಹಿಂದುಮುಂದು ಮಾಡಿಯೇ ಇಳಿಯುತ್ತಿದ್ದ.

ನನ್ನ ಕಸುಬು ಶುರುವಾದದ್ದು ನಲ್ಲಿಯಿಂದ. ಬಚ್ಚಲಿನ ಹಿತ್ತಾಳೆ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿತ್ತು. ಹಗಲು ಕೇಳದ ಸದ್ದು ರಾತ್ರಿ ಹನ್ನೊಂದಾದ ಮೇಲೆ ತಲೆಯೊಳಗೇ ಬಿದ್ದ ಹಾಗೆ ಕೇಳುತ್ತದೆ. ಪ್ಲಂಬರಿಗೆ ಫೋನು ಮಾಡಿದೆ. "ನಾಳೆ ಬರ್ತೀನಿ ಮೇಷ್ಟ್ರೆ" ಅಂದ. ಆ ನಾಳೆ ಎರಡು ವಾರ ನಡೆಯಿತು. ಅವನದೂ ತಪ್ಪಲ್ಲ. ಹೊಸ ಮನೆಯೊಂದರ ಇಡೀ ಪೈಪಿನ ಕೆಲಸ ಹಿಡಿದವನು ಒಂದು ವಾಷರಿಗಾಗಿ ಬೈಕು ಹತ್ತಿ ಬಂದರೆ ಪೆಟ್ರೋಲಿನ ಕಾಸೂ ಹುಟ್ಟುವುದಿಲ್ಲ. ಮನೆಯ ಸಣ್ಣ ರಿಪೇರಿಯನ್ನು ನಾವೇ ಮಾಡಬೇಕೋ, ಯಾರನ್ನಾದರೂ ಕರೆಯಬೇಕೋ ಎಂಬ ಜಿಜ್ಞಾಸೆ ಅರ್ಧಕ್ಕರ್ಧ ಹೀಗೇ ಮುಗಿದುಹೋಗುತ್ತದೆ. ಕರೆದರೂ ಯಾರೂ ಬರುವುದಿಲ್ಲ.

ಕೊನೆಗೆ ನಾನೇ ಅಂಗಡಿಗೆ ಹೋಗಿ ಅರ್ಧ ಇಂಚಿನ ನಲ್ಲಿಯ ವಾಷರು ತಂದೆ. ಐದು ರೂಪಾಯಿ. ಆ ಪುಟ್ಟ ರಬ್ಬರು ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಾಗ ನನಗೆ ನಿಜಕ್ಕೂ ಪ್ರೀತಿ ಹುಟ್ಟಿತು. ನಲ್ಲಿಯ ತಲೆ ತಿರುಗಿಸಿದರೆ ಒಳಗಿನ ಸ್ಪಿಂಡಲ್ ಕೆಳಗಿಳಿದು ಈ ಬಿಲ್ಲೆಯನ್ನು ನೀರಿನ ಬಾಯಿಗೆ ಒತ್ತುತ್ತದೆ. ಅಷ್ಟೇ. ದೊಡ್ಡವರ ಬಂಗಲೆಯಿರಲಿ, ನಮ್ಮ ಬಚ್ಚಲಿರಲಿ, ಈ ಜಾತಿಯ ನಲ್ಲಿಯ ಗುಟ್ಟು ಇದೊಂದೇ. ತೊಟ್ಟಿಕ್ಕುತ್ತಿದೆಯೆಂದು ಜನ ಇನ್ನೂ ಬಿಗಿಯಾಗಿ ತಿರುಗಿಸುತ್ತಾರೆ, ರಬ್ಬರು ಇನ್ನಷ್ಟು ನಲುಗುತ್ತದೆ, ಹನಿ ಇನ್ನಷ್ಟು ಬೇಗ ಬೀಳುತ್ತದೆ. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ಇಷ್ಟು ಚೊಕ್ಕವಾದ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಅವತ್ತು ಎಲ್ಲ ಸರಿಯಾಗಿಯೇ ಮಾಡಿದೆ, ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚುವುದೊಂದನ್ನು ಬಿಟ್ಟು. ಸ್ಪಿಂಡಲ್ ಬಿಚ್ಚಿದ್ದೇ ತಡ, ನೀರು ನೆಟ್ಟಗೆ ನನ್ನ ಕನ್ನಡಕಕ್ಕೆ. ಹೆಬ್ಬೆರಳಿನಿಂದ ಒತ್ತಿಹಿಡಿದುಕೊಂಡು ಕೂಗಿದೆ. ಹೆಂಡತಿ ಹೋಗಿ ವಾಲ್ವ್ ಮುಚ್ಚಿ ಬಂದಳು. ಏನೂ ಅನ್ನಲಿಲ್ಲ. ಟವೆಲು ಕೊಟ್ಟಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ನನಗೆ ಸೊಕ್ಕು ಬಂತು. ಟೆಫ್ಲಾನ್ ಟೇಪನ್ನು ತಿರುಪಿನ ಗೆರೆ ತಿರುಗುವ ಕಡೆಗೇ ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿಮಾಡುವಾಗ ಅದು ಬಿಚ್ಚಿಕೊಂಡು ಹೊರಗೆ ಬರುತ್ತದೆ ಅಂತ ಅಕ್ಕಪಕ್ಕದವರಿಗೆ ಪಾಠ ಹೇಳತೊಡಗಿದೆ. ಆ ಸೊಕ್ಕಿನಲ್ಲೇ ಹಿತ್ತಲಿನ ನಲ್ಲಿಗೆ ಕೈಹಾಕಿದೆ. ವಾಷರು ಬದಲಾಯಿಸಿದರೆ ಸಾಕಿತ್ತು. ಇಡೀ ನಲ್ಲಿಯನ್ನೇ ಹೊಸದು ಹಾಕೋಣ ಅನ್ನಿಸಿತು. ಗೋಡೆಯಲ್ಲಿದ್ದದ್ದು ಅಪ್ಪನ ಕಾಲದ ಜಿಐ ಪೈಪು. ಫೋನಿನ ವಿಡಿಯೋದಲ್ಲಿ ಒಬ್ಬ ಎರಡು ಬೆರಳಿನಲ್ಲಿ ನಲ್ಲಿ ತಿರುಗಿಸಿ ತೆಗೆದಿದ್ದ. ಈ ವಿಡಿಯೋದವರ ಮನೆಯಲ್ಲಿ ಯಾವುದಕ್ಕೂ ತುಕ್ಕು ಹಿಡಿಯುವುದೇ ಇಲ್ಲ! ನಾನು ಸೀಮೆಎಣ್ಣೆ ಬಿಟ್ಟು, ಒಂದು ರಾತ್ರಿ ನೆನೆಯಲು ಬಿಟ್ಟು, ರೆಂಚು ಹಾಕಿ ಮೈಭಾರವನ್ನೆಲ್ಲ ಹೇರಿದೆ. ನಲ್ಲಿ ಬಂತು, ಜೊತೆಗೆ ಗೋಡೆಯೊಳಗಿನ ಪೈಪಿನ ತುದಿಯೂ ಮುರಿದು ಬಂತು.

ಈ ಸಲ ಪ್ಲಂಬರು ಒಂದೇ ಗಂಟೆಯಲ್ಲಿ ಬಂದ. ದೊಡ್ಡ ಕೆಲಸವಾಗಿತ್ತಲ್ಲ. ಗೋಡೆ ಒಡೆದು, ಹಳೆಯ ಪೈಪು ಕಿತ್ತು, ಹೊಸದು ಕೂರಿಸಿ, ಕೈ ತೊಳೆದುಕೊಳ್ಳುತ್ತ ಕೇಳಿದ: "ಯಾರು ಮೇಷ್ಟ್ರೆ, ಇದಕ್ಕೆ ಕೈಹಾಕಿದ್ದು?" ನಾನು ಆಕಾಶ ನೋಡಿದೆ. ಮಳೆ ಬರುವ ಲಕ್ಷಣವಿತ್ತು.

ಅವತ್ತೇ ನಮ್ಮ ಮನೆಯಲ್ಲಿ ಒಂದು ಗಡಿ ಗೊತ್ತಾಯಿತು. ಗೋಡೆಯ ಹೊರಗೆ ಕಾಣುವುದು ನನ್ನದು. ಗೋಡೆಯ ಒಳಗಿರುವುದು ಕಸುಬುದಾರರದು.

ಕರೆಂಟಿನ ವಿಷಯಕ್ಕೆ ಬಂದರೆ ಗಡಿ ಇನ್ನೂ ಈಚೆಗಿದೆ. ಓಮನ ನಿಯಮ ಕಲಿಸಿದವನಿಗೆ 230 ವೋಲ್ಟಿನ ಭಯ ಉಳಿದವರಿಗಿಂತ ಹೆಚ್ಚು. ಗೀಸರು, ಮೀಟರು ಬೋರ್ಡು, ಅರ್ತಿಂಗು ಇವುಗಳ ಸುದ್ದಿಗೆ ನಾನು ಹೋಗುವುದಿಲ್ಲ. ನಲ್ಲಿ ಕೆಟ್ಟರೆ ಪಂಚೆ ಒದ್ದೆಯಾಗುತ್ತದೆ, ಒಣಗಿಸಿಕೊಂಡು ಮತ್ತೊಮ್ಮೆ ನೋಡಬಹುದು. ಕರೆಂಟು ಮತ್ತೊಮ್ಮೆ ಎಂಬ ಅವಕಾಶ ಕೊಡುವ ಪೈಕಿಯಲ್ಲ. ಆದರೂ ಒಂದು ಕೆಲಸ ನನ್ನ ಪಾಲಿಗೆ ಇಟ್ಟುಕೊಂಡಿದ್ದೇನೆ. ಅದು ಫ್ಯಾನಿನ ಕಂಡೆನ್ಸರು.

ನಮ್ಮ ಪಠ್ಯಪುಸ್ತಕದಲ್ಲಿ ಅದರ ಹೆಸರು ಧಾರಕ. ಅಂಗಡಿಗೆ ಹೋಗಿ ಧಾರಕ ಕೊಡಿ ಅಂದರೆ ಕೊಡ ತೋರಿಸುತ್ತಾರೆ. ಫ್ಯಾನಿನ ಸಿಂಗಲ್ ಫೇಸ್ ಮೋಟಾರು ತಾನಾಗಿ ತಿರುಗಲು ಶುರು ಮಾಡಲಾರದು. ಎರಡು ಸುರುಳಿಗಳಲ್ಲಿ ಒಂದರ ಕರೆಂಟನ್ನು ಇನ್ನೊಂದಕ್ಕಿಂತ ತುಸು ಮುಂದೋಡಿಸಿ ಅದಕ್ಕೆ ದಿಕ್ಕು ಹಿಡಿಸಬೇಕು. ಆ ಕೆಲಸ ಈ ಹೆಬ್ಬೆರಳು ಗಾತ್ರದ ಡಬ್ಬಿಯದು. ಸಾಮಾನ್ಯವಾಗಿ ಅದರ ಮೇಲೆ 2.5 ಮೈಕ್ರೋಫ್ಯಾರಡ್ ಎಂದು ಬರೆದಿರುತ್ತದೆ. ವರ್ಷ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಫ್ಯಾನು ಮುದುಕರ ಹಾಗೆ ತಿರುಗುತ್ತದೆ. ಪೂರ್ತಿ ಸತ್ತರೆ ಫ್ಯಾನು ಗುಂಯ್ಗುಡುತ್ತ ನಿಂತಿರುತ್ತದೆ, ಕೋಲಿನಿಂದ ತಳ್ಳಿದರೆ ತಿರುಗುತ್ತದೆ. ಎಷ್ಟೋ ಮನೆಗಳಲ್ಲಿ ಆ ಕೋಲು ಫ್ಯಾನಿನ ಒಂದು ಭಾಗವೇ ಆಗಿ ಮೂಲೆಯಲ್ಲಿ ನಿಂತಿರುತ್ತದೆ. ಮೋಟಾರು ಸುಟ್ಟಿತೆಂದು ಇಡೀ ಫ್ಯಾನನ್ನೇ ಗುಜರಿಗೆ ಹಾಕಿದವರನ್ನೂ ಕಂಡಿದ್ದೇನೆ. ಕಂಡೆನ್ಸರಿಗೆ ನಾನು ಕೊಟ್ಟದ್ದು ಅರವತ್ತು ರೂಪಾಯಿ.

ಸ್ವಿಚ್ಚು ಆರಿಸಿದರೆ ಸಾಲದು, ಮೇನನ್ನೇ ಇಳಿಸುತ್ತೇನೆ. ಹಳೆಯ ವೈರಿಂಗಿನಲ್ಲಿ ಯಾವ ಮಹಾರಾಯ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಕೊಟ್ಟಿದ್ದಾನೋ ಯಾರು ಬಲ್ಲರು. ಹಳೆಯ ಕಂಡೆನ್ಸರಿನ ಎರಡು ತಂತಿಗಳನ್ನು ತಿರುಪುಳಿಯಿಂದ ಕೂಡಿಸಿ ಉಳಿದ ಚಾರ್ಜು ಇಳಿಸುತ್ತೇನೆ. ಆಮೇಲೆ ಸ್ಟೂಲಿನ ಮೇಲೆ ಹತ್ತು ನಿಮಿಷ. ಮೇನು ಏರಿಸಿ ಸ್ವಿಚ್ಚು ಒತ್ತಿದಾಗ ರೆಕ್ಕೆಗಳು ಮೊದಲು ಯೋಚನೆ ಮಾಡುತ್ತವೆ, ಆಮೇಲೆ ಒಂದಾಗಿ ಮಾಯವಾಗುತ್ತವೆ, ಕ್ಯಾಲೆಂಡರಿನ ಹಾಳೆ ಪಟಪಟ ಎನ್ನುತ್ತದೆ. ಆ ಗಾಳಿಯಲ್ಲಿ ಕೂತು ಕುಡಿದ ಕಾಫಿಯ ರುಚಿಯೇ ಬೇರೆ.

ಹೀಗೆ ಗೆದ್ದದ್ದನ್ನೇ ಹೇಳಿಕೊಂಡು ಹೋಗಬಹುದು. ಆದರೆ ನಮ್ಮ ಮನೆಯಲ್ಲಿ ಕೆಲಸದ ಸೊಗಸನ್ನು ನಾನು ನಿಜವಾಗಿ ಕಂಡದ್ದು ಸೋತ ಕಡೆಗಳಲ್ಲಿ.

ಮಲೆನಾಡಿನಲ್ಲಿ ಮೃಗಶಿರ ಹಿಡಿಯುವ ಮೊದಲು ಹಂಚು ಕೈಯಾಡಿಸಲೇಬೇಕು. ಮಂಗಗಳು ವರ್ಷವಿಡೀ ಓಡಾಡಿ ಒಡೆದದ್ದನ್ನು ತೆಗೆದು, ಪಾಚಿ ಕೆರೆದು, ಜಾರಿದ್ದನ್ನು ಮೇಲಕ್ಕೆಳೆದು ಕೂರಿಸಬೇಕು. ನಮ್ಮ ಮಾಡಿನ ಹಂಚು ಯಾವುದೋ ಹಳೆಯ ಕಟ್ಟಡ ಕೆಡವಿದಾಗ ಅಪ್ಪ ಕೊಂಡು ತಂದದ್ದು. ಹೊಟ್ಟೆಯ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆ, 1865 ಎಂಬ ಇಸವಿ. ಬಂದ ನೆಂಟರೆಲ್ಲ ಹಂಚು ಅಷ್ಟು ಹಳೆಯದೇ ಎಂದು ಬಾಯಿ ಬಿಡುತ್ತಾರೆ. ಅದು ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಅಪ್ಪ ಈ ತಪ್ಪನ್ನು ಯಾವತ್ತೂ ತಿದ್ದಲಿಲ್ಲ. ನಾನೂ ಈಗೀಗ ತಿದ್ದುವುದು ಬಿಟ್ಟಿದ್ದೇನೆ.

ಒಂದು ವರ್ಷ ಹಂಚಿನವನು ತಡಮಾಡಿದನೆಂದು ನಾನೇ ಏಣಿ ಹಾಕಿದೆ. ಒಡೆದ ಎರಡು ಹಂಚು ಬದಲಿಸಲು ಹೋಗಿ ಆರು ಒಡೆದು ಇಳಿದೆ. ಕೆಳಗೆ ನಡುಮನೆಯಿಂದ ಹೆಂಡತಿ ಆಕಾಶ ನೋಡುತ್ತಿದ್ದಳು. ಆಮೇಲೆ ಬಂದ ಹಂಚಿನವನಿಗೆ ನನಗಿಂತ ಹತ್ತು ವರ್ಷ ಹೆಚ್ಚು, ತೂಕವೂ ಕಡಿಮೆಯೇನಲ್ಲ. ಬೆಕ್ಕು ನಡೆದ ಹಾಗೆ ಮಾಡಿನ ನೆತ್ತಿಯವರೆಗೆ ನಡೆದುಹೋದ, ಒಂದು ಹಂಚೂ ಮಿಸುಕಲಿಲ್ಲ. ಹೇಗಪ್ಪಾ ಅಂದೆ. ಎಲೆಯಡಿಕೆ ಒಂದು ಕೆನ್ನೆಗೆ ಒತ್ತರಿಸಿಕೊಂಡು ಹೇಳಿದ: "ಹಂಚಿನ ಮೇಲೆ ನಡೀಬಾರ್ದು ಮೇಷ್ಟ್ರೆ, ಮರದ ಮೇಲೆ ನಡೀಬೇಕು. ಮರ ಕಾಣಲ್ಲ, ಅಷ್ಟೇಯ." ಹಂಚಿನ ಕೆಳಗೆ ರೀಪು ಎಲ್ಲೆಲ್ಲಿ ಹಾದುಹೋಗಿದೆ ಎನ್ನುವುದು ಅವನ ಪಾದಕ್ಕೆ ಗೊತ್ತು. ನಾನು ಮೂವತ್ತು ವರ್ಷ ಆ ಮಾಡಿನ ಕೆಳಗೆ ಮಲಗಿ ಅದೇ ರೀಪುಗಳನ್ನು ಎಣಿಸಿದವನು, ಪ್ರಯೋಜನವೇನು?

ಅಲ್ಲಿಂದೀಚೆಗೆ ಹಂಚಿನ ದಿನ ನನ್ನ ಜಾಗ ಏಣಿಯ ಬುಡ. ಅವನು ಇಳಿಸಿಕೊಟ್ಟದ್ದನ್ನು ಹಿಡಿದು, ತೆಂಗಿನ ನಾರಿನಿಂದ ಪಾಚಿ ಉಜ್ಜಿ, ಬೆರಳಿನ ಗೆಣ್ಣಿನಿಂದ ಬಡಿದು ಕೇಳುತ್ತೇನೆ. ಸೀಳಿಲ್ಲದ ಹಂಚು ಠಣ್ ಎನ್ನುತ್ತದೆ, ಸೀಳಿದ್ದು ಬೊಡ್ಡು ಸದ್ದು ಮಾಡುತ್ತದೆ. ಆ ಕಾರ್ಖಾನೆಯ ಹಂಚಿಗೆ ಈ ಕಾರ್ಖಾನೆಯ ಹಂಚಿನ ಕಚ್ಚು ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಮುದ್ರೆ ನೋಡಿ ಬೇರೆಬೇರೆ ಜೋಡಿಸಿಡುತ್ತೇನೆ. ಸಂಬಳ ಅವನಿಗೆ, ಬೆವರು ಇಬ್ಬರಿಗೂ. ಕರೆಯುವುದಕ್ಕೂ ತಾನೇ ಮಾಡುವುದಕ್ಕೂ ನಡುವೆ ಇಂಥದೊಂದು ಜಾಗವಿದೆಯೆಂದು ತಿಳಿಯಲು ಆರು ಹಂಚು ಖರ್ಚಾಯಿತು.

ಇನ್ನೊಂದು ಸೋಲು ಅಡುಗೆಮನೆಯಲ್ಲಿದೆ, ಚಾಪೆಯ ಕೆಳಗೆ. ಅಮ್ಮ ಹೋದ ಮೇಲೆ ನೆಲದಲ್ಲಿ ಹೂತಿದ್ದ ಒರಳುಕಲ್ಲು ತೆಗೆಸಿದೆವು. ಆ ಗುಂಡಿಯ ಸುತ್ತ ಐವತ್ತು ವರ್ಷ ಕಾಲಿನಲ್ಲೇ ಪಾಲಿಶಾದ ಕೆಂಪು ನೆಲ, ಮುಖ ಕಾಣುವಷ್ಟು ನುಣುಪು. ಒಂದು ಗುಂಡಿ ತಾನೆ ಎಂದು ನಾನೇ ಸಿಮೆಂಟು, ರೆಡ್ ಆಕ್ಸೈಡ್ ಪುಡಿ ಕಲಸಿ ತುಂಬಿ, ಕರಣೆಯಿಂದ ಸವರಿ, ಮೆಚ್ಚಿಕೊಂಡು ಮಲಗಿದೆ. ಒಣಗಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗಿ, ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು.

ಗಾರೆ ಮೇಸ್ತ್ರಿ ಬಂದು ಕುಕ್ಕರಗಾಲಿನಲ್ಲಿ ಕೂತು ಅಂಗೈ ಸವರಿ ನೋಡಿದರು. ಪುಡಿಯನ್ನೂ ಸಿಮೆಂಟನ್ನೂ ಒಣಗಿರುವಾಗಲೇ ಬೆರೆಸಿ ಜರಡಿ ಹಿಡಿಯಬೇಕಿತ್ತು ಎಂದರು. ಹಸಿಯಾಗಿರುವಾಗ ಕೂತಲ್ಲಿಂದ ಏಳದೆ ಕರಣೆಯಿಂದ ತಿಕ್ಕಬೇಕಿತ್ತು, ಆಮೇಲೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕಿತ್ತು ಎಂದರು. ಒಂದು ಕೋಣೆಯ ನೆಲವನ್ನು ಒಂದೇ ಬೀಸಿಗೆ ಮುಗಿಸಬೇಕಂತೆ, ನಡುವೆ ಎದ್ದರೆ ಗೀರು ಉಳಿಯುತ್ತದಂತೆ. ಅವರ ಗುರು ಹಿಂದೆ ಹಿಂದೆ ಸರಿಯುತ್ತ, ಲಾಟೀನು ಇಟ್ಟುಕೊಂಡು ನಡುರಾತ್ರಿಯವರೆಗೂ ತಿಕ್ಕುತ್ತಿದ್ದರಂತೆ. "ಈಗ ಇದನ್ನ ನೀವು ಮಾಡಿಕೊಡಿ" ಅಂದೆ. ತಲೆಯಾಡಿಸಿದರು. "ಇಡೀ ನೆಲ ಕಿತ್ತರೆ ಮಾಡಬಹುದು. ತೇಪೆ ಯಾರು ಹಾಕಿದ್ರೂ ತೇಪೆಯೇ ಮೇಷ್ಟ್ರೆ. ಹಳೇ ನೆಲಕ್ಕೆ ಹೊಸದು ಒಗ್ಗಲ್ಲ." ಆಮೇಲೆ ಸ್ವಲ್ಪ ಹೊತ್ತು ನೋಡಿ ಸೇರಿಸಿದರು: "ಗುಂಡು ಆಕಾರ ಮಾತ್ರ ಚೆನ್ನಾಗಿ ಬಂದಿದೆ."

ಗುಂಡು ಆಕಾರ ಒರಳುಕಲ್ಲಿನದು. ಆ ಹೊಗಳಿಕೆಯನ್ನೂ ಬಿಡದೆ ತೆಗೆದುಕೊಂಡೆ.

ಆ ಮೇಸ್ತ್ರಿಯೇ ಹಿತ್ತಲ ಕಟ್ಟೆಯ ಕೆಲಸಕ್ಕೂ ಬಂದರು. ಅರ್ಧ ದಿನದ ಕೆಲಸ, ಇಡೀ ದಿನದ ಸಂಬಳ. ನಾನು ಗೊಣಗಿದ್ದಕ್ಕೆ, "ಅರ್ಧ ದಿನ ಅನ್ನೋದು ನಮ್ಮ ಲೆಕ್ಕದಲ್ಲೇ ಇಲ್ಲ ಮೇಷ್ಟ್ರೆ. ಉಳಿದರ್ಧ ದಿನಕ್ಕೆ ನಮ್ಮನ್ನ ಕರೆಯೋರು ಯಾರು?" ಅಂದರು. ಮಾತು ಸರಿಯೇ. ತೂಗುಗುಂಡು ಬಿಟ್ಟು, ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ಅವರು ಕಲ್ಲಿನ ಸಾಲು ನೋಡುತ್ತಿದ್ದರೆ ನಾನು ಕುರ್ಚಿ ಹಾಕಿಕೊಂಡು ಕೂತುಬಿಡುತ್ತೇನೆ. ಕರಣೆ ಹಿಡಿದು ಸೋಲದಿದ್ದರೆ ಈ ನೋಟ ನನಗೆ ಕಾಣುತ್ತಲೇ ಇರಲಿಲ್ಲ; ಸಂಬಳ ಕೊಟ್ಟು ಒಳಗೆ ಹೋಗಿ ಪೇಪರು ಓದುತ್ತಿದ್ದೆ.

ಕಟ್ಟೆ ಮುಗಿಸಿ ಹೊರಡುವಾಗ ಮೇಸ್ತ್ರಿ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು. ಅವರ ಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿದೆಯಂತೆ. ಪ್ಲಂಬರಿಗೆ ಹೇಳಿ ಹೇಳಿ ಸಾಕಾಗಿದೆಯಂತೆ. "ನೀವು ಅದನ್ನೆಲ್ಲ ಮಾಡ್ತೀರಂತಲ್ಲ" ಅಂದರು.

ಭಾನುವಾರ ಡಬ್ಬಿ ಹಿಡಿದು ಹೋದೆ. ಮೊದಲು ಗೇಟ್ ವಾಲ್ವ್ ಎಲ್ಲಿದೆ ಎಂದು ಕೇಳಿದೆ, ಮುಚ್ಚಿ ಎರಡು ಸಲ ನೋಡಿದೆ. ಊರಿನ ಅರ್ಧ ಮನೆಗಳ ಗೋಡೆ ಎಬ್ಬಿಸಿದ ಮೇಸ್ತ್ರಿ ಮೊಬೈಲಿನ ಬೆಳಕು ಹಿಡಿದು ನನ್ನ ಪಕ್ಕದಲ್ಲಿ ಬಗ್ಗಿದ್ದರು. ಸ್ಪಿಂಡಲ್ ಬಿಚ್ಚಿ, ಅಪ್ಪಚ್ಚಿಯಾಗಿದ್ದ ಹಳೆಯ ವಾಷರನ್ನು ಅವರ ಅಂಗೈಯಲ್ಲಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಇಷ್ಟೇನಾ?" ಅಂದರು. ಹೊಸದನ್ನು ಕೂರಿಸಿ ಬಿಗಿ ಮಾಡಿದೆ. "ಎಷ್ಟಾಯ್ತು ಮೇಷ್ಟ್ರೆ?"

"ಅರ್ಧ ದಿನ ಅನ್ನೋದು ನಮ್ಮ ಲೆಕ್ಕದಲ್ಲಿಲ್ಲ" ಅಂದೆ.

ಅವರ ಹೆಂಡತಿ ನಗುತ್ತ ಹೋಗಿ ವಾಲ್ವ್ ತೆರೆದು ಬಂದರು. ನಲ್ಲಿಯ ಮೂತಿಯಲ್ಲಿ ಒಂದು ಹನಿ ಕೂಡಿತು, ದಪ್ಪಗಾಯಿತು, ಬಿತ್ತು. ಅದು ಪೈಪಿನಲ್ಲಿ ಉಳಿದದ್ದಿರಬೇಕು ಅಂದೆ. ಮೂವರೂ ಎರಡನೆಯ ಹನಿಗಾಗಿ ಕಾದು ನಿಂತೆವು.